ಮಕ್ಕಳ ಕನ್ನಡಕ್ಕೊಂದು ಭಾನುವಾರದ ಬಜೆಟ್

ಹೊರನಾಡ ಕನ್ನಡಿಗರ ಮನೆಗಳಲ್ಲಿ ಅತಿ ಹೆಚ್ಚು ಬಳಕೆಯಾಗುವ ಮಾತು ಯಾವುದು ಅಂತ ಯಾರಾದರೂ ಕೇಳಿದರೆ ನಾನು ಯೋಚಿಸದೆ ಹೇಳುತ್ತೇನೆ: ‘ಊರಿಗೆ ಹೋದಾಗ ನೋಡೋಣ.’ ಮನೆಗೊಂದು ರುಬ್ಬುವ ಕಲ್ಲು ಬೇಕೇ? ಊರಿಗೆ ಹೋದಾಗ ನೋಡೋಣ. ಮಗಳಿಗೆ ರಂಗೋಲಿ ಕಲಿಸಬೇಕೇ? ಊರಿನಲ್ಲಿ ಅವಳ ಅತ್ತೆ ಕಲಿಸುತ್ತಾರೆ. ಮಗನಿಗೆ ಕಥೆ ಹೇಳಬೇಕೇ? ಬೇಸಿಗೆ ರಜೆಯಲ್ಲಿ ಅಜ್ಜಿ ಹೇಳುತ್ತಾರೆ. ಸುತ್ತಾಟ, ಹಬ್ಬದಡುಗೆ, ಸಂಜೆಯ ಹರಟೆ ಎಲ್ಲವೂ ಊರಿನ ಖಾತೆಗೆ. ಇಲ್ಲಿ ದುಡಿಯುವುದು, ಉಳಿಸುವುದು. ಬದುಕುವುದು ಮಾತ್ರ ಅಲ್ಲಿ, ಅದೂ ರಜೆ ಮಂಜೂರಾದ ದಿನಗಳಲ್ಲಿ.

ನಾನು ಲೆಕ್ಕಪತ್ರದ ಕೆಲಸದವಳು. ನಮ್ಮ ಕಸುಬಿನಲ್ಲಿ ಇದಕ್ಕೆ ಮುಂದೂಡಿದ ಖರ್ಚು ಎನ್ನುತ್ತೇವೆ. ಈ ವರ್ಷ ಮಾಡಿಸಬೇಕಾದ ರಿಪೇರಿಯನ್ನು ಮುಂದಿನ ವರ್ಷಕ್ಕೆ ತಳ್ಳಿದರೆ ಪುಸ್ತಕದಲ್ಲಿ ಉಳಿತಾಯದಂತೆ ಕಾಣುತ್ತದೆ, ಮಾಡು ಮಾತ್ರ ಸೋರುತ್ತಲೇ ಇರುತ್ತದೆ. ನಮ್ಮೂರು ತಿಪಟೂರು. ಯಜಮಾನರದ್ದು ವರ್ಗಾವಣೆಯ ಬ್ಯಾಂಕ್ ನೌಕರಿ. 2016ರಲ್ಲಿ ಕೊಚ್ಚಿಗೆ ಬಂದು ಕಾಕ್ಕನಾಡಿನಲ್ಲಿ ಮನೆ ಮಾಡಿದೆವು. 2024ರಿಂದ ತಿರುವನಂತಪುರದಲ್ಲಿದ್ದೇವೆ. ಮಗಳಿಗೆ ಈಗ ಹನ್ನೆರಡು, ಮಗನಿಗೆ ಏಳು. ಈ ವರ್ಷಗಳಲ್ಲಿ ಎರಡೂ ನಗರಗಳ ಹತ್ತಾರು ಕನ್ನಡ ಕುಟುಂಬಗಳ ಒಡನಾಟವಾಗಿದೆ. ಸೋರುವ ಮಾಡು ಎಲ್ಲರ ಮನೆಯಲ್ಲೂ ಒಂದೇ: ಮಕ್ಕಳ ಕನ್ನಡ.

ನನ್ನ ವಾದ ಸರಳ. ಹೊರನಾಡಿನಲ್ಲಿ ಮಕ್ಕಳ ಕನ್ನಡ ಉಳಿಯಬೇಕಾದರೆ ಅದಕ್ಕಾಗಿ ವಾರಕ್ಕೊಂದು ದಿನ, ಸಣ್ಣದೊಂದು ಮೊತ್ತ, ನಾವಿರುವ ಊರಿನಲ್ಲೇ ಖರ್ಚಾಗಬೇಕು. ಸರ್ಕಾರಿ ದೋಣಿಯಲ್ಲೊಂದು ಸುತ್ತಾಟ, ಮನೆಯಲ್ಲೇ ಮಾಡಿದ ಅಡುಗೆ, ಬಟ್ಟೆ ಚೂರಿನ ಕೈಗೆಲಸ. ಇವನ್ನು ಬಿಡುವಿದ್ದವರ ಶೋಕಿ ಎಂದು ನೋಡಬೇಡಿ. ಇವಿಲ್ಲದ ಮನೆಯಲ್ಲಿ ಕನ್ನಡದಲ್ಲಿ ಮಾತಾಡಲು ವಿಷಯವೇ ಇರುವುದಿಲ್ಲ.

ಅಪ್ಪಣೆಯ ಕನ್ನಡ

ವರ್ಷಕ್ಕೆ ಎರಡು ಸಲ ಊರಿಗೆ ಹೋಗುತ್ತೇವೆ ಎಂದಿಟ್ಟುಕೊಳ್ಳಿ. ದಸರೆಗೆ ಐದು ದಿನ, ಬೇಸಿಗೆಯಲ್ಲಿ ಹದಿನೈದು ದಿನ. ಉಳಿದ 345 ದಿನ ಮಕ್ಕಳ ಕಿವಿಗೆ ಬೀಳುವ ಕನ್ನಡ ಎಂದರೆ ನಮ್ಮದೊಂದೇ. ‘ಮನೆಯಲ್ಲಿ ಕನ್ನಡವನ್ನೇ ಮಾತಾಡುತ್ತೇವೆ’ ಎಂದು ನಾವೆಲ್ಲ ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಆ ಕನ್ನಡ ಯಾವುದು? ‘ಏಳು, ಹಲ್ಲುಜ್ಜು, ಬೇಗ ತಿನ್ನು, ಬಸ್ ಬಂತು, ಹೋಂವರ್ಕ್ ಆಯ್ತಾ, ಮೊಬೈಲ್ ಇಡು, ಮಲಗು.’ ಮಕ್ಕಳ ಉತ್ತರ: ‘ಹೂಂ’, ‘ಆಯ್ತು’, ‘ಐದೇ ನಿಮಿಷ’. ಇಬ್ಬರೂ ದುಡಿಯುವ ಮನೆಯಲ್ಲಿ ವಾರದ ಆರು ದಿನ ಇಷ್ಟರಲ್ಲೇ ಕಳೆಯುತ್ತದೆ. ಅದರಲ್ಲಿ ವ್ಯಾಕರಣದ ತಪ್ಪೇನೂ ಇಲ್ಲ. ಆದರೆ ಅದು ಬರೀ ಅಪ್ಪಣೆಯ ಕನ್ನಡ. ಗೆಳತಿಯ ಜೊತೆಗಿನ ಮುನಿಸು, ಕ್ಲಾಸಿನಲ್ಲಾದ ತಮಾಷೆ, ರಾತ್ರಿ ಕಂಡ ಕನಸು ಇವೆಲ್ಲ ಮಲಯಾಳಂ ಬೆರೆತ ಇಂಗ್ಲಿಷಿನಲ್ಲಿ ಹೊರಬರುತ್ತವೆ.

ಇದರ ಪರಿಣಾಮ ಗೊತ್ತಾಗುವುದು ಊರಿನ ಫೋನಿನಲ್ಲಿ. ‘ಚೆನ್ನಾಗಿದೀನಿ ಅಜ್ಜಿ. ಊಟ ಆಯ್ತು ಅಜ್ಜಿ. ಅಮ್ಮಂಗೆ ಕೊಡ್ತೀನಿ.’ ಮೂರು ವಾಕ್ಯ, ಫೋನ್ ಕೈಬದಲು. ಆ ಕಡೆ ಕೂತ ಅಜ್ಜಿಗೆ ಮೊಮ್ಮಗಳ ಮೇಲೆ ಸಿಟ್ಟಿಲ್ಲ. ಅವರಿಗೂ ಏನು ಕೇಳಬೇಕೆಂದು ತೋಚುವುದಿಲ್ಲ. ಪದ ಮರೆತು ಹೋಗುವುದು ಆಮೇಲಿನ ಮಾತು. ಮೊದಲು ಖಾಲಿಯಾಗುವುದು ವಿಷಯ.

ಇದನ್ನು ಶಾಲೆಯ ಮೇಲೆ ಹಾಕುವಂತಿಲ್ಲ. ಕೇರಳ 2017ರಲ್ಲಿ ಕಾಯ್ದೆ ಮಾಡಿ, ಕೇಂದ್ರ ಪಠ್ಯಕ್ರಮದ ಶಾಲೆಗಳೂ ಸೇರಿದಂತೆ 10ನೇ ತರಗತಿಯವರೆಗೆ ಮಲಯಾಳಂ ಕಲಿಸುವುದನ್ನು ಕಡ್ಡಾಯಗೊಳಿಸಿತು. ಕರ್ನಾಟಕಕ್ಕೆ ಬಂದವರು ಕನ್ನಡ ಕಲಿಯಲಿ ಎನ್ನುವ ನಾವು ಇಲ್ಲಿ ಬೇರೆ ರಾಗ ಹಾಡುವುದು ಸರಿಯಲ್ಲ. ಕನ್ನಡ ಮಾಧ್ಯಮದ ಶಾಲೆಗಳು ಕಾಸರಗೋಡಿನಲ್ಲಿವೆ. ಆದರೆ ಅದು ತಿರುವನಂತಪುರದಿಂದ ಐನೂರು ಕಿಲೊಮೀಟರಿಗೂ ದೂರ. ಆನ್‌ಲೈನ್ ಕನ್ನಡ ತರಗತಿಗಳು ಅಕ್ಷರ ಕಲಿಸುತ್ತವೆ, ಅದು ಒಳ್ಳೆಯದೇ. ಮಾತಾಡಲು ವಿಷಯವನ್ನು ಅವು ಕೊಡಲಾರವು.

ವಿಷಯ ಹುಟ್ಟಿಸಿಕೊಂಡು ಭಾಷೆ ಉಳಿಸಿಕೊಂಡವರು ಕೊಚ್ಚಿಯಲ್ಲೇ ಇದ್ದಾರೆ. ಮಟ್ಟಾಂಚೇರಿಯ ತಿರುಮಲ ದೇವಸ್ವಂ ದೇವಸ್ಥಾನದ ಸುತ್ತ ಕೊಂಕಣಿ ಮಾತಾಡುವ ಗೌಡ ಸಾರಸ್ವತರ ಕೇರಿಗಳಿವೆ. ಪೋರ್ಚುಗೀಸರ ಕಾಲದಲ್ಲಿ ಗೋವೆ ಬಿಟ್ಟು ಬಂದವರ ಸಂತತಿ, ನಮ್ಮ ಮಂಗಳೂರು, ಕುಂದಾಪುರ ಕಡೆಯ ಕೊಂಕಣಿಗರ ಬಂಧುಗಳು. ಶತಮಾನಗಳ ಬಳಿಕವೂ ಅಲ್ಲಿನ ಮನೆಗಳಲ್ಲಿ ಕೊಂಕಣಿ ಕೇಳಿಸುತ್ತದೆ. ಹೊರಗೆ ಅವರು ಅಚ್ಚ ಮಲಯಾಳಿಗಳು. ಅವರ ಭಾಷೆ ಅಷ್ಟು ಕಾಲ ಬಾಳಿದ್ದು ಶಾಲೆಯ ಬಲದಿಂದಲ್ಲ. ಅಡುಗೆಮನೆಯಲ್ಲಿ, ಹಬ್ಬದಲ್ಲಿ, ಹಪ್ಪಳ ಒಣಗಿಸುವ ಅಂಗಳದಲ್ಲಿ ಅದಕ್ಕೆ ದಿನವೂ ಕೆಲಸವಿತ್ತು.

ಇಪ್ಪತ್ತು ರೂಪಾಯಿಯ ದೋಣಿ

ನಮ್ಮ ಮನೆಯಲ್ಲಿ ಒಂದು ಲಕೋಟೆ ಇದೆ. ಭಾನುವಾರ ಬೆಳಿಗ್ಗೆ ಅದರಲ್ಲಿ 500 ರೂಪಾಯಿ ಹಾಕುತ್ತೇವೆ. ನಾಲ್ವರ ಓಡಾಟ, ಚಹಾ, ಕಡಲೆಕಾಯಿ, ಸಂಜೆಯ ತರಕಾರಿ ಎಲ್ಲ ಅದರಲ್ಲೇ ಮುಗಿಯಬೇಕು. ಉಳಿದದ್ದು ಡಬ್ಬಿಗೆ. ಇಷ್ಟು ಕಡಿಮೆ ದುಡ್ಡಿಗೆ ಕಾರಣ ಜಿಪುಣತನವಲ್ಲ. ದುಡ್ಡು ಹೆಚ್ಚಿದ್ದ ಕಡೆ ಮಾತು ಕಡಿಮೆಯಾಗುತ್ತದೆ. ಮಾಲ್‌ಗೆ ಹೋದ ದಿನ ಮಕ್ಕಳು ಆಟದ ಯಂತ್ರಗಳ ಹತ್ತಿರ, ನಾವು ಬಟ್ಟೆ ಅಂಗಡಿಯಲ್ಲಿ, ಊಟದ ಹೊತ್ತಿಗೆ ನಾಲ್ವರ ಕಣ್ಣೂ ನಾಲ್ಕು ಪರದೆಗಳ ಮೇಲೆ. ದೋಣಿಯ ಬೆಂಚಿನ ಮೇಲೆ ಅರ್ಧ ಗಂಟೆ ಒಟ್ಟಿಗೆ ಕೂತರೆ ಬೇರೆ ದಾರಿಯಿಲ್ಲ, ಮಾತಾಡಲೇಬೇಕು.

ಕೊಚ್ಚಿಯಲ್ಲಿ ನೀರಿನ ಮೇಲಿನ ಪ್ರಯಾಣ ಅಗ್ಗ. ರಾಜ್ಯ ಜಲಸಾರಿಗೆ ಇಲಾಖೆಯ ದೋಣಿಗಳು ಎರ್ಣಾಕುಲಂ ಜೆಟ್ಟಿಯಿಂದ ಫೋರ್ಟ್ ಕೊಚ್ಚಿಗೆ ಚಿಲ್ಲರೆ ಕಾಸಿಗೆ ಕರೆದೊಯ್ಯುತ್ತವೆ. 2023ರ ಏಪ್ರಿಲ್‌ನಲ್ಲಿ ವಾಟರ್ ಮೆಟ್ರೊ ಬಂತು. ಶುರುವಾದಾಗ ಅದರ ಕನಿಷ್ಠ ಟಿಕೆಟ್ 20 ರೂಪಾಯಿ. ಕೊಚ್ಚಿಯ ಹಡಗುಕಟ್ಟೆಯಲ್ಲೇ ಕಟ್ಟಿದ, ಬ್ಯಾಟರಿಯಲ್ಲಿ ಓಡುವ, ತಣ್ಣನೆಯ ದೋಣಿ. ಕಾಕ್ಕನಾಡಿನಿಂದ ವೈಟ್ಟಿಲಕ್ಕೆ ಅದರಲ್ಲಿ ಹೋಗುವಾಗ ಮಕ್ಕಳೊಂದಿಗೆ ಒಂದು ಆಟ ಕಟ್ಟಿದೆವು. ಕಂಡ ಮೂರು ವಸ್ತುಗಳ ಹೆಸರನ್ನು ಪ್ರತಿಯೊಬ್ಬರೂ ಕನ್ನಡದಲ್ಲಿ ಹೇಳಬೇಕು. ಮಿಂಚುಳ್ಳಿ, ನೀರುಕಾಗೆ, ಕೊಕ್ಕರೆ, ಲಂಗರು, ಹುಟ್ಟು, ನೀರೆಲ್ಲ ಹಬ್ಬಿದ ಅಂತರಗಂಗೆ. ಅಪ್ಪ ಅಮ್ಮನಿಗೂ ಗೊತ್ತಿಲ್ಲದ್ದನ್ನು ಚೀಟಿಯಲ್ಲಿ ಬರೆದುಕೊಂಡು ರಾತ್ರಿ ಊರಿಗೆ ಫೋನ್ ಮಾಡಿ ಕೇಳಬೇಕು. ಅಜ್ಜಿಯನ್ನು ಕೇಳಲು ಕೊನೆಗೂ ಏನೋ ಒಂದು ಸಿಕ್ಕಿತು.

ಫೋರ್ಟ್ ಕೊಚ್ಚಿಯ ದಡದಲ್ಲಿ ಪ್ರವಾಸಿಗರೆಲ್ಲ ಫೋಟೊ ತೆಗೆಯುವ ಚೀನೀ ಬಲೆಗಳಿವೆಯಲ್ಲ, ಮಲಯಾಳಿಗಳು ಅದನ್ನು ‘ಚೀನವಲ’ ಎನ್ನುತ್ತಾರೆ. ‘ವಲ ಅಂದ್ರೆ ಬಲೇನಾ ಅಮ್ಮ?’ ಎಂದು ಮಗಳು ಕೇಳಿದಳು. ಹೌದು ಎಂದಿದ್ದೇ ತಡ, ಮರಳುವ ದೋಣಿಯಲ್ಲಿ ಅವಳು ಪಟ್ಟಿ ಮಾಡತೊಡಗಿದಳು. ವೇರ್ ಎಂದರೆ ಬೇರು, ವಿರಲ್ ಎಂದರೆ ಬೆರಳು, ವೆಣ್ಣ ಎಂದರೆ ಬೆಣ್ಣೆ. ಮಲಯಾಳಂ ಕಲಿತರೆ ಕನ್ನಡ ಕೆಡುತ್ತದೆ ಎಂದು ಹೆದರುವವರು ಈ ಪಟ್ಟಿ ನೋಡಬೇಕು. ಒಂದು ಭಾಷೆ ಇನ್ನೊಂದಕ್ಕೆ ಕೈಹಿಡಿದು ದಾರಿ ತೋರಿಸುತ್ತಿತ್ತು.

ಅಲ್ಲಿಂದ ಸ್ವಲ್ಪ ದೂರದ ಮಟ್ಟಾಂಚೇರಿ ಅರಮನೆಯದ್ದು ಪೋರ್ಚುಗೀಸರು ಕಟ್ಟಿ ಡಚ್ಚರು ರಿಪೇರಿ ಮಾಡಿಸಿದ ಕಟ್ಟಡ. ಒಳಗಿನ ಗೋಡೆಗಳ ಮೇಲೆ ರಾಮಾಯಣದ ಚಿತ್ರಗಳಿವೆ. ಅಲ್ಲಿ ಗೈಡ್ ಬೇಕಿಲ್ಲ. ‘ಇವನ್ಯಾರು, ಇವಳ್ಯಾಕೆ ಅಳ್ತಿದ್ದಾಳೆ’ ಎಂದು ಮಕ್ಕಳು ಕೇಳುತ್ತಾರೆ, ಕಥೆ ಹೇಳುವುದು ನಮ್ಮ ಪಾಲಿಗೆ ಬರುತ್ತದೆ. ಕನ್ನಡದಲ್ಲಿ ಸತತವಾಗಿ ಇಪ್ಪತ್ತು ನಿಮಿಷ ಕಥೆ ಹೇಳಿ ನೋಡಿ. ನಮಗೇ ಎಷ್ಟು ಅಭ್ಯಾಸ ತಪ್ಪಿದೆ ಎಂಬುದು ಆಗ ತಿಳಿಯುತ್ತದೆ.

ತಿರುವನಂತಪುರಕ್ಕೆ ಬಂದ ಮೇಲೆ ದೋಣಿಯ ಜಾಗಕ್ಕೆ ಬಸ್ಸು ಬಂತು. ನಗರದೊಳಗೆ ಸುತ್ತುವ ಕೇರಳ ಕೆಎಸ್‌ಆರ್‌ಟಿಸಿಯ ಸಿಟಿ ಸರ್ಕ್ಯುಲರ್ ಬಸ್ಸುಗಳಲ್ಲಿ ಸ್ವಲ್ಪವೇ ದುಡ್ಡಿಗೆ ಊರು ನೋಡಬಹುದು. ಈ ಐದು ಅಕ್ಷರಗಳಿಗಾಗಿ ಎರಡು ರಾಜ್ಯಗಳು ವರ್ಷಗಟ್ಟಲೆ ವ್ಯಾಜ್ಯ ಮಾಡಿದವು. ನನ್ನ ಮಗನ ಪ್ರಕಾರ ಎರಡೂ ಅವನವೇ. ಕೇರಳದ ಕೆಎಸ್‌ಆರ್‌ಟಿಸಿ 2021ರಲ್ಲಿ ಬಜೆಟ್ ಟೂರಿಸಂ ಎಂಬ ಪ್ರತ್ಯೇಕ ವಿಭಾಗವನ್ನೇ ತೆರೆದಿದೆ. ಮುನ್ನಾರ್, ಗವಿ, ಮಲಕ್ಕಪ್ಪಾರ ಅಂತ ಮಧ್ಯಮ ವರ್ಗದ ಕೈಗೆಟುಕುವ ಪ್ರವಾಸಗಳಿಗೆ ಕರೆದೊಯ್ಯುತ್ತದೆ. ನಮ್ಮ ಲಕೋಟೆಯ ಉಳಿಕೆ ವರ್ಷಕ್ಕೊಮ್ಮೆ ಅಂಥ ಒಂದು ಪ್ರವಾಸಕ್ಕೆ ಸಾಕಾಗುತ್ತದೆ. ಹೊರಗೆ ಉಣ್ಣಬೇಕಾದರೆ ಕುಟುಂಬಶ್ರೀ ಮಹಿಳೆಯರ ಜನಕೀಯ ಹೋಟೆಲುಗಳಿವೆ. ನಮ್ಮ ಇಂದಿರಾ ಕ್ಯಾಂಟೀನಿನ ಮಲಯಾಳಿ ತಂಗಿ ಅನ್ನಿ. 2020ರಲ್ಲಿ 20 ರೂಪಾಯಿಗೆ ಊಟ ಎಂದು ಶುರುವಾಯಿತು, ಸಬ್ಸಿಡಿ ನಿಂತ ಮೇಲೆ 30 ಆಯಿತು.

ತುಂಬಾದ ಬಾಹ್ಯಾಕಾಶ ಸಂಗ್ರಹಾಲಯವನ್ನಂತೂ ಮಕ್ಕಳಿರುವವರು ನೋಡಲೇಬೇಕು. ಅದಿರುವುದು ಒಂದು ಹಳೆಯ ಚರ್ಚಿನಲ್ಲಿ. 1963ರ ನವೆಂಬರ್ 21ರಂದು ಭಾರತದ ನೆಲದಿಂದ ಮೊದಲ ರಾಕೆಟ್ ಹಾರಿದ್ದು ಆ ಮೀನುಗಾರರ ಹಳ್ಳಿಯಿಂದ. ಚರ್ಚು, ಬಿಷಪ್ಪರ ಮನೆಯೇ ಆಗ ವಿಜ್ಞಾನಿಗಳ ಕಚೇರಿ. ರಾಕೆಟ್ಟಿನ ತುದಿಯನ್ನು ಸೈಕಲ್ಲಿನ ಹಿಂದೆ ಕಟ್ಟಿಕೊಂಡು ಹೋಗುವ ಫೋಟೊ ನೋಡಿ ಮಗ ಕುಣಿದಾಡಿದ. ಉಡುಪಿ ಕಡೆಯ ಯು.ಆರ್. ರಾವ್ ಅವರ ನೇತೃತ್ವದಲ್ಲಿ ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ ‘ಆರ್ಯಭಟ’ ಉಪಗ್ರಹ ತಯಾರಾಗಿ 1975ರಲ್ಲಿ ಹಾರಿದ ಕಥೆಯನ್ನು ಅವರಪ್ಪ ಅಲ್ಲೇ ಹೇಳಿದರು. ಕಡಿಮೆ ದುಡ್ಡಿನಲ್ಲಿ ದೊಡ್ಡ ಕೆಲಸ ಎಂಬುದಕ್ಕೆ ಇದಕ್ಕಿಂತ ಪಾಠ ಬೇಕೇ?

ಬಸಿ, ಅರೆ, ರುಬ್ಬು

ಭಾನುವಾರ ರಾತ್ರಿಯ ಅಡುಗೆ ನಮ್ಮಲ್ಲಿ ಅಪ್ಪ ಮತ್ತು ಮಕ್ಕಳದ್ದು. ಇದು ನಾನು ಹಟ ಹಿಡಿದು ಮಾಡಿಸಿದ ಏರ್ಪಾಡು. ಮನೆಯಡುಗೆ, ಕೈಗೆಲಸ, ಸಂಸ್ಕೃತಿ ಎಂದು ಹೇಳುತ್ತಾ ಹೋದರೆ ಆ ಭಾರ ಕೊನೆಗೆ ಬೀಳುವುದು ಹೆಂಗಸರ ತಲೆಯ ಮೇಲೆ. 2021ರಲ್ಲಿ ಜಿಯೋ ಬೇಬಿ ಅವರ ‘ದಿ ಗ್ರೇಟ್ ಇಂಡಿಯನ್ ಕಿಚನ್’ ಸಿನಿಮಾ ಕೇರಳದ ಮನೆಮನೆಗಳಲ್ಲಿ ಇದೇ ಜಗಳ ಎಬ್ಬಿಸಿತು. ಕನ್ನಡ ಉಳಿಸುವ ಹೆಸರಿನಲ್ಲಿ ಆಫೀಸಿನಿಂದ ಬಂದ ಅಮ್ಮನಿಗೆ ಇನ್ನೊಂದು ಪಾಳಿ ಹಚ್ಚುವುದಾದರೆ ನಾನು ಅದಕ್ಕೆ ಸಹಿ ಹಾಕುವುದಿಲ್ಲ. ಅಪ್ಪ ಒಗ್ಗರಣೆ ಹಾಕುವುದನ್ನು ನೋಡಿ ಬೆಳೆದ ಮಗನಿಗೆ ಭಾಷೆಯ ಜೊತೆಗೆ ಇನ್ನೂ ಒಂದು ಪಾಠ ಸಿಗುತ್ತದೆ.

ಅಡುಗೆಮನೆಯಲ್ಲಿ ಕನ್ನಡಕ್ಕೆ ಎಷ್ಟು ಕ್ರಿಯಾಪದಗಳಿವೆ ಎಂದು ಎಣಿಸಿದ್ದೀರಾ? ಇಂಗ್ಲಿಷಿನ ಮಕ್ಕಳಿಗೆ ಮಿಕ್ಸಿಯಲ್ಲಿ ಆಗುವುದೆಲ್ಲ ಒಂದೇ, ‘ಗ್ರೈಂಡ್’. ನಮಗೆ ರಾಗಿ ಬೀಸಬೇಕು, ಹಿಟ್ಟು ರುಬ್ಬಬೇಕು, ಮಸಾಲೆ ಅರೆಯಬೇಕು, ಮೆಣಸು ಕುಟ್ಟಬೇಕು, ಗಂಧ ತೇಯಬೇಕು. ಇವುಗಳ ವ್ಯತ್ಯಾಸವನ್ನು ಪುಸ್ತಕದಿಂದ ಕಲಿಸಲಾಗದು. ಕೈಗೆ ಗೊತ್ತಾದರೆ ನಾಲಿಗೆಗೂ ಗೊತ್ತಾಗುತ್ತದೆ. ಬಸ್ಸಾರನ್ನೇ ತೆಗೆದುಕೊಳ್ಳಿ. ಇಲ್ಲಿ ‘ಚೀರ’ ಎಂದು ಮಾರುವ ಕೆಂಪು ದಂಟಿನ ಸೊಪ್ಪು, ‘ವನ್‌ಪಯರ್’ ಎಂಬ ಕೆಂಪು ಅಲಸಂದೆ. ಎರಡನ್ನೂ ಬೇಯಿಸಿ ನೀರು ಬಸಿಯಬೇಕು. ಬಸಿದದ್ದಕ್ಕೆ ಖಾರ ಅರೆದು ಹಾಕಿದರೆ ಸಾರು. ಉಳಿದದ್ದಕ್ಕೆ ಕಾಯಿತುರಿ ಹಾಕಿ ಒಗ್ಗರಣೆ ಕೊಟ್ಟರೆ ಪಲ್ಯ, ಪಕ್ಕದ ಮನೆಯವರ ಭಾಷೆಯಲ್ಲಿ ತೋರನ್. ‘ಬಸಿದ ಸಾರು ಅದಕ್ಕೇ ಬಸ್ಸಾರು’ ಎಂದು ಮಗಳು ತಾನೇ ಕಂಡುಹಿಡಿದಳು. ಇಡೀ ಅಡುಗೆಗೆ ತಗಲಿದ ಖರ್ಚು ನೂರು ರೂಪಾಯಿಯ ಒಳಗೆ.

ಮುದ್ದೆಗೆ ರಾಗಿ ಹಿಟ್ಟು ಇಲ್ಲಿನ ಅಂಗಡಿಗಳಲ್ಲೂ ಸಿಗುತ್ತದೆ. ಮಲಯಾಳಿಗಳು ಅದನ್ನು ಹಸುಗೂಸುಗಳಿಗೆ ಕುದಿಸಿ ತಿನ್ನಿಸುತ್ತಾರೆ. ಮೀಸೆ ಬಂದವರು ರಾಗಿ ಉಣ್ಣುವುದನ್ನು ನೋಡಿ ನಮ್ಮ ಪಕ್ಕದ ಮನೆಯ ಚೇಚಿಗೆ ನಗುವೋ ನಗು. ಅಂಗಡಿಯಲ್ಲಿ ಮೊದಲ ದಿನಗಳ ಗೊಂದಲ ನಿಮಗೂ ಗೊತ್ತಿರಬಹುದು. ಬೆಲ್ಲ ಕೇಳಿದರೆ ‘ವೆಳ್ಳಂ’ ಎಂದು ತಿಳಿದು ನೀರಿನ ಬಾಟಲಿ ಕೊಡುತ್ತಾರೆ. ಸಕ್ಕರೆ ಕೇಳಿದರೆ ‘ಶರ್ಕರ’ ಎಂದು ಬೆಲ್ಲ ಕೊಡುತ್ತಾರೆ. ಸಕ್ಕರೆ ಬೇಕೆಂದರೆ ‘ಪಂಚಸಾರ’ ಎನ್ನಬೇಕು.

ಇನ್ನೂ ಸೋಜಿಗದ ಸಂಗತಿ ಬೇರೆ ಇದೆ. ಇವರ ಪಾಲ್ ನಮ್ಮ ಹಾಲು, ಇವರ ಪೂವ್ ನಮ್ಮ ಹೂವು. ಇವರ ಪುಳಿ ನಮ್ಮ ಹುಳಿ, ಕಾಡಿನ ಪುಲಿ ನಮ್ಮ ಹುಲಿ. ಪಂಪನ ಕಾಲದಲ್ಲಿ ಕನ್ನಡವೂ ಪಾಲ್, ಪೂ, ಪುಲಿ ಎಂದೇ ಹೇಳುತ್ತಿತ್ತು. ಆಮೇಲೆ ನಮ್ಮ ‘ಪ’ಕಾರ ‘ಹ’ಕಾರವಾಯಿತು, ಮಲಯಾಳಂ ಹಳೆಯದನ್ನು ಉಳಿಸಿಕೊಂಡಿತು. ನಾವು ಬಿಟ್ಟ ‘ೞ’ ಅಕ್ಷರ ಕೂಡ ಇಲ್ಲಿ ದಿನಬಳಕೆಯಲ್ಲಿದೆ. ಬಾಳೆ ಹಳಗನ್ನಡದಲ್ಲಿ ಬಾೞೆ, ಇಲ್ಲಿ ವಾೞ. ತಿರುವನಂತಪುರದ ಅಡುಗೆಮನೆಯಲ್ಲಿ ನನ್ನ ಮಕ್ಕಳಿಗೆ ಹಳಗನ್ನಡದ ಮೊದಲ ಪಾಠ ಆದದ್ದು ಹೀಗೆ, ಮಜ್ಜಿಗೆಹುಳಿ ಮತ್ತು ಪುಳಿಶ್ಶೇರಿಯ ನಡುವೆ.

ಕೆಸರಿನ ಗೊಂಬೆ

2018ರ ಆಗಸ್ಟ್ ಪ್ರವಾಹವನ್ನು ಕೊಚ್ಚಿಯಲ್ಲಿದ್ದವರು ಮರೆಯಲಾರರು. ಎರ್ಣಾಕುಲಂ ಜಿಲ್ಲೆಯ ಚೇಂದಮಂಗಲಂ ಕೈಮಗ್ಗಕ್ಕೆ ಹೆಸರಾದ ಊರು. ಓಣಂ ಮಾರಾಟಕ್ಕೆ ನೇಯ್ದಿಟ್ಟ ಸೀರೆ, ಮುಂಡುಗಳೆಲ್ಲ ಕೆಸರಿನಲ್ಲಿ ನೆಂದು ಹಾಳಾದವು. ಆಗ ಲಕ್ಷ್ಮಿ ಮೆನನ್ ಮತ್ತು ಗೋಪಿನಾಥ್ ಪಾರಯಿಲ್ ಎಂಬವರು ಆ ಸೀರೆಗಳನ್ನು ತೊಳೆದು, ಕುದಿಸಿ, ಚೂರು ಮಾಡಿ ಪುಟ್ಟ ಗೊಂಬೆಗಳನ್ನು ಮಾಡಿಸಿದರು. ಹೆಸರು ‘ಚೇಕ್ಕುಟ್ಟಿ’, ಅಂದರೆ ಕೆಸರಿನ ಕೂಸು. ಗೊಂಬೆಯೊಂದಕ್ಕೆ 25 ರೂಪಾಯಿ. ಒಂದು ಸೀರೆಯಿಂದ 360 ಗೊಂಬೆ, ಅಂದರೆ 9,000 ರೂಪಾಯಿ. ಸೀರೆ ಮಾರಿದ್ದರೆ ಸಿಗುತ್ತಿದ್ದದ್ದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಊರೂರುಗಳಲ್ಲಿ ಸ್ವಯಂಸೇವಕರು ಕೂತು ಆ ಗೊಂಬೆಗಳನ್ನು ಕಟ್ಟಿದರು. ಲೆಕ್ಕದವಳಾದ ನನಗೆ ಇದಕ್ಕಿಂತ ಚೆಂದದ ಲೆಕ್ಕ ಸಿಕ್ಕಿಲ್ಲ.

ಎರಡು ವರ್ಷದ ಕೆಳಗೆ ಮಗಳು ಅವರಪ್ಪನ ಹರಿದ ಮುಂಡಿನಿಂದ ಅಂಥದ್ದೇ ಗೊಂಬೆಗಳನ್ನು ಮಾಡಿದಳು. ರಾತ್ರಿ ಅಜ್ಜಿಗೆ ವೀಡಿಯೊ ಕರೆಯಲ್ಲಿ ತೋರಿಸಿದಳು. ‘ಏನೇ ಪುಟ್ಟಿ ಅದು, ತಲೆ ಹೆಂಗೆ ಕಟ್ದೆ?’ ಎಂದರು ನನ್ನಮ್ಮ. ಇವಳು ವಿವರಿಸಲು ಹೊರಟಳು. ಗಂಟು, ಅಂಚು, ಮಡಿಕೆ, ಚೂರು ಪದಗಳು ಬಂದವು. ಕೆಲವು ಬರಲಿಲ್ಲ, ಅಜ್ಜಿ ಎತ್ತಿಕೊಟ್ಟರು. ಆಮೇಲೆ ಅಜ್ಜಿ ತಮ್ಮ ಕಾಲದ ಬಟ್ಟೆ ಗೊಂಬೆಯ ವಿಷಯ ತೆಗೆದರು. ಹಳೇ ಸೀರೆಗಳನ್ನು ಪೇರಿಸಿ ದಬ್ಬಣದಲ್ಲಿ ಕೌದಿ ಹೊಲಿಯುತ್ತಿದ್ದದ್ದು, ಗೊಂಬೆಗೆ ಮದುವೆ ಮಾಡಿ ಊರಿಗೆಲ್ಲ ಕೊಬ್ಬರಿ ಸಕ್ಕರೆ ಹಂಚಿದ್ದು. ‘ದಬ್ಬಣ ಅಂದ್ರೇನಜ್ಜಿ?’ ಎಂದಳು ಇವಳು. ಆ ಕರೆ ಇಪ್ಪತ್ತೆರಡು ನಿಮಿಷ ನಡೆಯಿತು. ನಾನು ಮಧ್ಯೆ ಬಾಯಿ ಹಾಕಲಿಲ್ಲ. ನಲವತ್ತು ದಾಟಿದ ನನಗೂ ಆ ಗೊಂಬೆ ಮದುವೆಯ ವಿಷಯ ಗೊತ್ತಿರಲಿಲ್ಲ.

ಓಣಂನಲ್ಲಿ ಹತ್ತು ದಿನ ಮನೆ ಮುಂದೆ ಪೂಕ್ಕಳಂ ಹಾಕುತ್ತಾರೆ. ನಾವು ರಂಗೋಲಿಯ ಚುಕ್ಕಿ ಇಡುತ್ತೇವೆ, ಪಕ್ಕದ ಮನೆಯ ಮಕ್ಕಳು ಹೂವಿನ ಎಸಳು ತುಂಬುತ್ತಾರೆ. ಅದರಲ್ಲಿ ಬೀಳುವ ಚೆಂಡುಹೂವು ಕೇರಳಕ್ಕೆ ದೊಡ್ಡ ಪ್ರಮಾಣದಲ್ಲಿ ಬರುವುದು ನಮ್ಮ ಗುಂಡ್ಲುಪೇಟೆಯ ಹೊಲಗಳಿಂದ. ನಮ್ಮಂತೆ ಅದೂ ಗಡಿ ದಾಟಿ ಬಂದು ಇಲ್ಲಿನ ಅಂಗಳದಲ್ಲಿ ಚೆನ್ನಾಗಿಯೇ ಒಪ್ಪುತ್ತದೆ. ಇನ್ನು ನವರಾತ್ರಿ. ದುರ್ಗಾಷ್ಟಮಿಗೆ ಮಕ್ಕಳು ಪುಸ್ತಕಗಳನ್ನು ಪೂಜೆಗಿಟ್ಟರೆ ವಿಜಯದಶಮಿಯವರೆಗೆ ಓದುವಂತಿಲ್ಲ. ಮಕ್ಕಳಿಗೆ ಇಷ್ಟವಾಗದ ಶಾಸ್ತ್ರವೇ ಅದು? ಆ ದಿನಗಳಲ್ಲಿ ನಾವು ಕಾಗದ, ಬಟ್ಟೆ, ತೆಂಗಿನ ಚಿಪ್ಪುಗಳಿಂದ ಗೊಂಬೆ ಮಾಡಿ ಕೂರಿಸುತ್ತೇವೆ. ದಶಮಿಯ ಬೆಳಿಗ್ಗೆ ಮಲಯಾಳಿ ಮಕ್ಕಳಿಗೆ ಅಕ್ಕಿಯ ತಟ್ಟೆಯಲ್ಲಿ ಮೊದಲ ಅಕ್ಷರ ಬರೆಸುತ್ತಾರೆ. ಅದೇ ಶಾಸ್ತ್ರಕ್ಕಾಗಿ ನಮ್ಮ ಕೊಲ್ಲೂರಿನ ಮೂಕಾಂಬಿಕೆಯ ಸನ್ನಿಧಿಗೆ ಕೇರಳದಿಂದ ಎಷ್ಟು ಜನ ಬರುತ್ತಾರೆಂಬುದು ನಿಮಗೆ ಗೊತ್ತೇ ಇದೆ. ಮಲಯಾಳದ ಅಕ್ಷರ ಕರ್ನಾಟಕದಲ್ಲಿ ಶುರುವಾಗಬಹುದಾದರೆ ಕನ್ನಡದ ಅಕ್ಷರ ತಿರುವನಂತಪುರದ ಬಾಡಿಗೆ ಮನೆಯಲ್ಲಿ ಯಾಕೆ ಶುರುವಾಗಬಾರದು? ನನ್ನ ಮಗ ‘ಅ’ ಬರೆದದ್ದು ಇಲ್ಲೇ, ಮಟ್ಟ ಅಕ್ಕಿಯ ಮೇಲೆ.

ಆಕ್ಷೇಪಗಳು

ಇದನ್ನೆಲ್ಲ ಹೇಳಿದಾಗ ಗೆಳೆಯರಿಂದ ಬರುವ ಮೊದಲ ಮಾತು, ‘ಟೈಮ್ ಎಲ್ಲಿದೆ?’ ನಾನು ಕೇಳುತ್ತಿರುವುದು ಭಾನುವಾರದ ಅರ್ಧ ದಿನ. ಮಾಲ್‌ಗೂ ಅಷ್ಟೇ ಹೊತ್ತು ಹೋಗುತ್ತದೆ. ಪಾಳಿಯಲ್ಲಿ ದುಡಿಯುವವರಿಗೆ, ಆಸ್ಪತ್ರೆಯ ಕೆಲಸದವರಿಗೆ ಭಾನುವಾರವೂ ಕೈಯಲ್ಲಿರುವುದಿಲ್ಲ, ನಿಜ. ಅವರಿಗೆ ಒಂದು ಸಂಜೆಯ ಅಡುಗೆ ಸಾಕು.

ಎರಡನೆಯದು, ‘ಹೇಗೂ ವಾಪಸ್ ಹೋಗ್ತೀವಲ್ಲ.’ ಯಾವಾಗ? ವರ್ಗಾವಣೆ ಆದೇಶ ಬಂದಾಗ ಮಗುವಿಗೆ ಹದಿನೈದಾಗಿದ್ದರೆ ಅದರ ಬಾಲ್ಯ ಇಲ್ಲೇ ಮುಗಿದಿರುತ್ತದೆ. ಬಾಲ್ಯವನ್ನು ಊರಿನ ಶಾಖೆಗೆ ವರ್ಗಾಯಿಸಿಕೊಳ್ಳಲು ಬರುವುದಿಲ್ಲ.

ಮೂರನೆಯದು ನಮ್ಮ ಸಂಘಗಳಿಗೆ ಸಂಬಂಧಿಸಿದ್ದು. ರಾಜ್ಯೋತ್ಸವಕ್ಕೆ ವೇದಿಕೆ ಕಟ್ಟಿ, ಊರಿನಿಂದ ಅತಿಥಿಯನ್ನು ಕರೆಸಿ, ಮಕ್ಕಳಿಂದ ಬಾಯಿಪಾಠದ ಹಾಡು ಹಾಡಿಸುತ್ತೇವೆ. ಆ ಹಾಡಿನ ಅರ್ಥ ಕೇಳಿದರೆ ಮಕ್ಕಳು ತಬ್ಬಿಬ್ಬಾಗುತ್ತಾರೆ. ಆ ಖರ್ಚಿನ ಒಂದು ಪಾಲನ್ನು ತೆಗೆದಿಟ್ಟು ತಿಂಗಳಿಗೊಮ್ಮೆ ಹತ್ತು ಮನೆಯ ಮಕ್ಕಳನ್ನು ಸರ್ಕಾರಿ ದೋಣಿಯಲ್ಲಿ ಕೂರಿಸಿ, ಮ್ಯೂಸಿಯಂ ಆವರಣದ ಮರದ ಕೆಳಗೆ ಬುತ್ತಿ ಬಿಚ್ಚಿಸಿ. ಧಾರವಾಡದ ಮಗು ಜೋಳದ ರೊಟ್ಟಿ ತರಲಿ, ಸುಳ್ಯದ ಮಗು ಕೊಟ್ಟಿಗೆ ತರಲಿ, ನಮ್ಮ ಕಡೆಯದು ಚಿತ್ರಾನ್ನ. ಒಬ್ಬರ ಬುತ್ತಿ ಇನ್ನೊಬ್ಬರಿಗೆ ವಿಷಯವಾಗುತ್ತದೆ. ಒಂದು ಮಗು ಇನ್ನೊಂದು ಮಗುವಿನ ಜೊತೆ ಕನ್ನಡದಲ್ಲಿ ಹರಟುವ ಸಂದರ್ಭ ನಮ್ಮ ಯಾವ ವೇದಿಕೆಯಲ್ಲೂ ಹುಟ್ಟಿಲ್ಲ.

ನಾಲ್ಕನೆಯ ಆಕ್ಷೇಪ ಮಗಳದ್ದೇ. ‘ನನ್ನ ಫ್ರೆಂಡ್ಸ್ ಎಲ್ಲ ಮಾಲ್‌ಗೆ ಹೋಗ್ತಾರೆ.’ ಹೋಗಲಿ, ಇವಳೂ ತಿಂಗಳಿಗೊಮ್ಮೆ ಹೋಗುತ್ತಾಳೆ. ಕನ್ನಡ ಶಿಕ್ಷೆಯಂತೆ ಕಂಡರೆ ಎಲ್ಲ ಮುಗಿದಂತೆ. ತಪ್ಪು ಹೇಳಿದಾಗ ನಗಬಾರದು, ಇಂಗ್ಲಿಷ್ ಬೆರೆಸಿದಾಗ ಬಯ್ಯಬಾರದು. ಗೆಳತಿಯರು ಮನೆಗೆ ಬಂದಾಗ ಮಲಯಾಳಂನಲ್ಲಿ ಮಾತಾಡಿದರೆ ಮುಖ ಸಿಂಡರಿಸಬಾರದು. ಅವಳಿಗೆ ಎರಡು ಊರುಗಳಿವೆ. ಅದು ನಮಗಿಲ್ಲದ ಭಾಗ್ಯ.

ಹಾಗಾಗಿ ಓದುಗರಿಗೆ ನನ್ನದೊಂದು ಸಲಹೆ. ಪುಣೆಯಲ್ಲಿರಿ, ಚೆನ್ನೈನಲ್ಲಿರಿ, ದುಬೈನಲ್ಲಿರಿ, ಈ ವಾರವೇ ಒಂದು ಲಕೋಟೆ ಶುರು ಮಾಡಿ. ಮೊತ್ತ ನಿಮ್ಮಿಷ್ಟ, ಆದರೆ ಚಿಕ್ಕದಿರಲಿ. ತಿಂಗಳ ಒಂದು ಭಾನುವಾರ ಸರ್ಕಾರಿ ಬಸ್ಸು ಅಥವಾ ದೋಣಿ, ಒಂದು ಭಾನುವಾರ ಅಲ್ಲಿನ ಸಂತೆಯಿಂದ ಸೊಪ್ಪು ತಂದು ಮಕ್ಕಳ ಕೈಯಿಂದ ನಮ್ಮ ಅಡುಗೆ, ಒಂದು ಭಾನುವಾರ ಹಳೆ ಬಟ್ಟೆಯ ಕೈಗೆಲಸ, ಇನ್ನೊಂದು ನೆರೆಮನೆಯವರ ಜೊತೆ. ರಾತ್ರಿ ಲಕೋಟೆಯಲ್ಲಿ ಉಳಿದ ಚಿಲ್ಲರೆಯನ್ನು ಮಕ್ಕಳೇ ಕನ್ನಡದಲ್ಲಿ ಎಣಿಸಿ ಡಬ್ಬಿಗೆ ಹಾಕಲಿ. ಅರವತ್ತೊಂಬತ್ತು ಆದ ಮೇಲೆ ಎಪ್ಪತ್ತು, ಎಪ್ಪತ್ತೊಂಬತ್ತು ಆದ ಮೇಲೆ ಎಂಬತ್ತು ಎಂದು ನನ್ನ ಮಗನಿಗೆ ಗಟ್ಟಿಯಾದದ್ದು ಆ ಡಬ್ಬಿಯ ಮುಂದೆ ಕೂತಾಗಲೇ.